ಕೆಂಪು ಕಾಗದದ ಡಬ್ಬ

ಫ್ರೇ
೨ ಮೇ, ಬುದ್ಧವರ್ಷ ೨೫೩೦

ಅಮ್ಮಾ,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮೋಕೆಂಗ್ ಸಿಹಿ ಬೇಯಿಸಬೇಡ, ಒಂದು ಮಣೆ ಹಾಕಿಕೊಂಡು ಕೂರು ಅಂತ ಎಷ್ಟು ಸಲ ಬರೆದೆನೋ. ನೀನು ಕೇಳುವವಳಲ್ಲ.

ನಮ್ಮ ಶಾಲೆಯ ಖಮ್‌ಪನ್ ಮೇಷ್ಟ್ರು ತರಬೇತಿಗೆಂದು ರಾಚಬುರಿಗೆ ಹೋಗಿದ್ದಾರೆ. ಅಲ್ಲಿಂದ ಫೆಟ್ಚಬುರಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ತಾನೇ? ಹತ್ತನೇ ತಾರೀಕು ಭಾನುವಾರ ಬಂದು ನಿನ್ನನ್ನು ಮಾತಾಡಿಸಿಕೊಂಡು ಹೋಗುತ್ತೇನೆ ಎಂದಿದ್ದಾರೆ. ನಾನು ಹೇಳಿ ಕಳಿಸಿದ್ದಲ್ಲ, ಅವರೇ ಅಂದದ್ದು. ಬಂದರೆ ಒಳಗೆ ಕರೆದು ಕೂರಿಸು. ಸಾಲ ವಸೂಲಿಗೆ ಬಂದವರನ್ನು ನಿಲ್ಲಿಸುವ ಹಾಗೆ ಮೆಟ್ಟಿಲಲ್ಲೇ ನಿಲ್ಲಿಸಿ ಮಾತಾಡಿಸಬೇಡ.

ನಿನ್ನ ಮಗಳು
ಪಿಕುನ್

*

ಫ್ರೇ
೫ ಮೇ ೨೫೩೦

ಖಮ್‌ಪನ್,

ನಿಮ್ಮ ಕಾಗದ ಓದಿ ಅರ್ಧ ನಗು, ಅರ್ಧ ಜ್ವರ ಬಂತು. ಅತ್ತೆಯ ಮನೆಗೆ ಅಡುಗೆ ಚಾಕು ತೆಗೆದುಕೊಂಡು ಹೋಗುತ್ತಾರೇನ್ರೀ? ಒಳ್ಳೆ ಉಕ್ಕು, ಬಹಳ ದಿನ ಬಾಳುತ್ತದೆ ಅಂತ ಬೇರೆ ಬರೆದಿದ್ದೀರಿ. ಚಾಕು ಕೊಟ್ಟರೆ ಸಂಬಂಧ ಕತ್ತರಿಸಿ ಹೋಗುತ್ತದೆ ಅನ್ನುವವಳು ನಮ್ಮಮ್ಮ. ಕರವಸ್ತ್ರವೂ ಬೇಡ, ಅದು ಕಣ್ಣೀರಿಗೆ. ಬ್ಯಾಂಕಾಕಿನ ಬಿಸ್ಕತ್ತಿನ ಡಬ್ಬ ಬೇಡ, ಮೂವತ್ತು ವರ್ಷದಿಂದ ಸಿಹಿ ಮಾಡಿ ಮಾರಿದವಳ ಮುಂದೆ ಯಾವ ಸಿಹಿಯೂ ಪಾಸಾಗುವುದಿಲ್ಲ. ದೇವಸ್ಥಾನದ ಬೀದಿಯಲ್ಲಿ ಹಳದಿ ಬಕೆಟ್ಟಿನಲ್ಲಿ ಸೋಪು, ಟವೆಲ್ಲು, ಅಕ್ಕಿ ಎಲ್ಲ ತುಂಬಿ ಚಂದವಾಗಿ ಕಟ್ಟಿಟ್ಟಿರುತ್ತಾರಲ್ಲ, ಅದರ ಹತ್ತಿರವೂ ಸುಳಿಯಬೇಡಿ. ಅದು ಭಿಕ್ಷುಗಳಿಗೆ ಕೊಡುವುದು. ನಿಮ್ಮ ತಮ್ಮ ಹೋದ ವರ್ಷ ನಮ್ಮ ಹೆಡ್‌ಮಾಸ್ತರರಿಗೆ ಅದನ್ನೇ ಕೊಟ್ಟು ಊರೆಲ್ಲ ನಗಿಸಿದ್ದು ನೆನಪಿದೆ ತಾನೇ?

ನಿಮ್ಮ ಅಮ್ಮ ನೇಯ್ದ ಸಿನ್ ಲಂಗದ ಬಟ್ಟೆ ಸಾಕು. ಅಂಚಿನ ಹೂವಿನ ಕೆಲಸ ನೋಡಿದರೆ ಎಂಥವರಿಗೂ ಕೈಯಲ್ಲಿ ಸವರಬೇಕು ಅನಿಸುತ್ತದೆ. ರಟ್ಟಿನ ಡಬ್ಬದಲ್ಲಿಟ್ಟು ಕೆಂಪು ಕಾಗದ ಸುತ್ತಿಸಿ. ಬಿಳಿ, ಕಪ್ಪು ಸಾವಿನ ಮನೆಗೆ.

ಈ ಕಾಗದದೊಳಗೆ ಫೋಟೋ ಇದೆ. ಅದನ್ನು ಸಿನ್ ಮಡಿಕೆಯ ನಡುವೆ ಇಡಿ. ನಾನು, ನೀವು, ನನ್ನ ತೊಡೆಯ ಮೇಲೆ ಮೊತ್. ಐದು ತಿಂಗಳಿನ ಮೊಮ್ಮಗಳಿದ್ದಾಳೆ, ಮೊತ್, ಅಂದರೆ ಇರುವೆ ಅಂತ ಹೆಸರಿಟ್ಟಿದ್ದೇವೆ, ಆ ಅಜ್ಜಿಗೆ ಗೊತ್ತೇ ಇಲ್ಲ. "ಉತ್ತರದವನ ಕೈ ಹಿಡಿದರೆ ಆ ದಿನದಿಂದ ನನಗೆ ಮಗಳಿಲ್ಲ" ಅಂದಿದ್ದಳು. ನಾನು ಅವಳಿಗೆ ಹೇಳದೆ ಬಂದು ನಿಮ್ಮ ಕೈ ಹಿಡಿದೆ. ಎರಡು ವರ್ಷದಿಂದ ಪ್ರತಿ ಕಾಗದದಲ್ಲೂ ಮಂಡಿನೋವಿನ ವಿಷಯ ಒಂದೇ ಬರೆಯುತ್ತಿದ್ದೇನೆ.

ಎದುರಿಗೆ ಹೇಳಿದರೆ ಅವಳು ಮೊದಲು ಬಾಯಿಗೆ ಬಂದದ್ದು ಅನ್ನುತ್ತಾಳೆ, ಆಮೇಲೆ ಆ ಮಾತು ವಾಪಸ್ ತೆಗೆದುಕೊಳ್ಳಲು ಮರ್ಯಾದೆ ಅಡ್ಡ ಬರುತ್ತದೆ. ಉಡುಗೊರೆಯಾದರೆ, ಕೊಟ್ಟವರ ಮುಂದೆ ಬಿಚ್ಚುವುದು ಮರ್ಯಾದೆಯಲ್ಲ ಅಂತ, ನಿಮ್ಮ ಎದುರಿಗೆ ಬಿಚ್ಚುವುದಿಲ್ಲ. ನೀವು ಹೋದ ಮೇಲೆ, ಒಬ್ಬಳೇ ಕೂತು ಬಿಚ್ಚುತ್ತಾಳೆ. ಅಳಬೇಕಾದರೆ ಅಳಲಿ, ಬೈಯಬೇಕಾದರೆ ಗೋಡೆಗೆ ಬೈಯಲಿ, ಯಾರೂ ನೋಡುವುದಿಲ್ಲ. ಫೋಟೋದ ಹಿಂದೆ ಬರೆದಿದ್ದೇನೆ: "ಅಮ್ಮಾ, ಇವಳು ನಿನ್ನ ಮೊಮ್ಮಗಳು ಮೊತ್, ಐದು ತಿಂಗಳು. ಇವಳು ಬೇಕು ಅನಿಸಿದರೆ ಒಂದು ಸಾಲು ಬರೆ. ಬೇಡವಾದರೆ ಏನೂ ಬರೆಯಬೇಡ, ನನಗೆ ಅರ್ಥವಾಗುತ್ತದೆ."

ಎರಡೂ ಕೈಯಲ್ಲಿ ಕೊಡಿ. "ಏನೋ ಸಣ್ಣದು" ಅನ್ನಿ. ಡಬ್ಬದ ಕಡೆ ಮತ್ತೆ ನೋಡಬೇಡಿ. ಬಿಚ್ಚಿ ಅಂತ ಮಾತ್ರ ಅನ್ನಲೇಬೇಡಿ.

ನಿಮ್ಮ ಇಬ್ಬರು ಹೆಣ್ಣುಗಳ ಪರವಾಗಿ
ಪಿಕುನ್

*

ರಾಚಬುರಿ
೧೦ ಮೇ ೨೫೩೦

ಪಿಕುನ್,

ಹೋಗಿ ಬಂದೆ. ಜೀವಂತ ಇದ್ದೇನೆ.

ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಕೈ ಮುಗಿದೆ. ನಿನ್ನ ಅಮ್ಮ ನನ್ನ ಮುಖಕ್ಕಿಂತ ಮೊದಲು ನನ್ನ ಚಪ್ಪಲಿ ನೋಡಿದರು. "ಮೇಷ್ಟ್ರು ಊಟ ಮಾಡಿದ್ರಾ?" ಅಂದರು. ಮಾಡಿದೆ ಅಂದರೆ ತಪ್ಪೋ, ಇಲ್ಲ ಅಂದರೆ ತಪ್ಪೋ ಗೊತ್ತಾಗದೆ "ಸ್ವಲ್ಪ ಮಾಡಿದೆ ದೊಡ್ಡಮ್ಮ" ಅಂದೆ. "ಸ್ವಲ್ಪ ಅಂದ್ರೆ ಎಷ್ಟು?" ಅಂದರು. ಆ ಧಾಟಿಯಲ್ಲೇ ಎರಡು ಗಂಟೆ ನಡೆಯಿತು.

"ಯಾವೂರು?" "ಫ್ರೇ, ದೊಡ್ಡಮ್ಮ." "ಹುಟ್ಟಿದ್ದೂ ಅಲ್ಲೇನಾ?" "ಅಲ್ಲೇ." "ಹ್ಞೂಂ" ಅಂದರು. ಅಷ್ಟು ಉದ್ದದ ಹ್ಞೂಂ ನಾನು ಕೇಳಿಲ್ಲ. "ನನ್ ಮಗಳ ಮೇಲೆ ಇಷ್ಟೊಂದು ಕಾಳಜಿ ಯಾಕೆ ಮೇಷ್ಟ್ರಿಗೆ?" ಅಂದರು. ಒಂದೇ ಶಾಲೆಯಲ್ವಾ ಅಂದೆ. "ಶಾಲೇಲಿ ಎಷ್ಟು ಜನ ಮೇಷ್ಟ್ರು?" "ಹನ್ನೊಂದು." "ಮಿಕ್ಕ ಹತ್ತು ಜನ ಯಾವಾಗ ಬರ್ತಾರೆ?"

ಮೋಕೆಂಗ್ ಕೊಟ್ಟರು. ತಾಳೆಬೆಲ್ಲದ ಕಂಪು, ಮೇಲೆ ಹುರಿದ ಈರುಳ್ಳಿ. ಹೆದರಿಕೆಯಲ್ಲೇ ಎರಡು ತುಂಡು ತಿಂದು, ಮೂರನೆಯದು ಬೇಡ ಅಂದೆ. ಗೋಡೆಯ ಮೇಲೆ ನಿನ್ನ ಆರನೇ ಕ್ಲಾಸಿನ ಫೋಟೋ ಇದೆ. ಅದೇ ಹಣೆ, ಮೊತ್‌ದೇ ಹಣೆ. ಎಷ್ಟು ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಣ್ಣಲ್ಲಿ ನೀರು ಬಂದಂತಾಗಿ, ಲೋಟ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಎದ್ದು ಹೋದೆ.

ಡಬ್ಬ ನೀನು ಹೇಳಿದ ಹಾಗೇ ಕೊಟ್ಟೆ. ಒಂದು ವಿಷಯ ನಿನಗೆ ಹೇಳಿರಲಿಲ್ಲ, ಬೈಯಬೇಡ. ನಮ್ಮಮ್ಮ ಮಗುವಿಗೆ ಮಾಡಿಸಿದ ಬೆಳ್ಳಿಗೆಜ್ಜೆಯಲ್ಲಿ ಒಂದು ಕಳೆದುಹೋಯಿತು ಅಂತ ನೀನು ಮನೆಯೆಲ್ಲ ಹುಡುಕಿದೆಯಲ್ಲ, ನಾನೂ ನಿನ್ನ ಜೊತೆ ಮಂಚದ ಕೆಳಗೆಲ್ಲ ಹುಡುಕಿದೆನಲ್ಲ? ಅದು ನನ್ನ ಚೀಲದಲ್ಲಿತ್ತು. "ಒಂದು ಕಾಲಿಗೆ ನಾನು ಹಾಕ್ದೆ, ಇನ್ನೊಂದು ಕಾಲಿಗೆ ಆ ಅಜ್ಜಿ ಹಾಕ್ಲಿ" ಅಂತ ಅಮ್ಮ ಕೊಟ್ಟು ಕಳಿಸಿದಳು. ಅದೂ ಡಬ್ಬದಲ್ಲಿದೆ.

ಇನ್ನು ಕಾಯೋಣ.

ಖಮ್‌ಪನ್

*

ಫೆಟ್ಚಬುರಿ
೧೭ ಮೇ ೨೫೩೦

ಪಿಕುನ್‌ಗೆ,

ನಿನ್ನ ಮೇಷ್ಟ್ರು ಬಂದಿದ್ದ. ನೀನು ಹೇಳಿ ಕಳಿಸಿದ್ದಲ್ಲ ಅಂತ ಬರೆದಿದ್ದೀಯ, ಅದಕ್ಕೇ ನನಗೆ ಮೊದಲ ಅನುಮಾನ. ಕೇಳದೆ ಸಮಜಾಯಿಷಿ ಕೊಡುವ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ.

ಅವನು ಕೂತಿದ್ದಷ್ಟು ಹೊತ್ತೂ ಗೋಡೆ ನೋಡುತ್ತಿದ್ದ. ತೇಗದ ಹಲಗೆ ಎಷ್ಟು ಬಾಳುತ್ತದೆ ಅಂತ ಅಳೆಯುತ್ತಿದ್ದನೋ ಏನೋ. ಆಮೇಲೆ ಲೋಟ ತೊಳೆಯುತ್ತೇನೆ ಅಂತ ಎದ್ದು ಹಿತ್ತಲವರೆಗೂ ಹೋಗಿ ನೋಡಿಕೊಂಡು ಬಂದ. ಮನೆಗೆ ಬಂದ ಗಂಡಸು ಲೋಟ ತೊಳೆದದ್ದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಬರುವಾಗ ಕಣ್ಣು ಕೆಂಪಾಗಿತ್ತು. ಕುಡಿಯುತ್ತಾನಾ? ಮೂರನೇ ತುಂಡು ಮೋಕೆಂಗ್ ಬೇಡ ಅಂದ. ನನ್ನ ಮೋಕೆಂಗ್ ಮುಂದೆ ಹೊಟ್ಟೆ ತುಂಬಿದೆ ಅನ್ನುವವನ ಹೊಟ್ಟೆಯಲ್ಲಿ ಬೇರೆ ಏನೋ ಇರುತ್ತದೆ.

ಉಡುಗೊರೆ ಅಂತ ಕೆಂಪು ಕಾಗದ ಸುತ್ತಿದ ಚಪ್ಪಟೆ ಡಬ್ಬ ಕೊಟ್ಟಿದ್ದಾನೆ. ಅಲುಗಾಡಿಸಿದರೆ ಒಳಗೆ ಕಿಣಿಕಿಣಿ ಅನ್ನುತ್ತದೆ. ಮಾಟವೋ ಮಂತ್ರವೋ ಯಾರಿಗೆ ಗೊತ್ತು. ಬೀರುವಿನ ಮೇಲಿಟ್ಟಿದ್ದೇನೆ. ನಿನ್ನ ಅಪ್ಪನೂ ಉತ್ತರದಿಂದ ಹೀಗೇ ಬಂದಿದ್ದ, ಮೆತ್ತಗೆ ಮಾತು, ಕೈಯಲ್ಲಿ ಅರಗಿನ ಡಬ್ಬ, ಒಳಗೆ ರೇಷ್ಮೆ. ನಾನು ಡಬ್ಬ ನೋಡಿ ಮರುಳಾದೆ. ನಾಲ್ಕು ವರ್ಷಕ್ಕೆ ಬಿಟ್ಟು ಹೋದ. ಹೋಗುವಾಗ ಆ ಡಬ್ಬವನ್ನೂ ತೆಗೆದುಕೊಂಡು ಹೋದ.

ಹುಷಾರಾಗಿರು. ಅವನ ಜೊತೆ ಒಂದೇ ಬೆಂಚಿನಲ್ಲಿ ಕೂರಬೇಡ.

ಅಮ್ಮ

*

ಫ್ರೇ
೧ ಜೂನ್ ೨೫೩೦

ಅಮ್ಮಾ,

ನೀನು ಬರೆದದ್ದು ಓದಿದೆ. ಖಮ್‌ಪನ್ ಮೇಷ್ಟ್ರು ಕುಡಿಯುವುದಿಲ್ಲ.

ಆ ಡಬ್ಬ ಈಗಲೂ ಬೀರುವಿನ ಮೇಲೇ ಇದೆಯಾ? ಅದರಲ್ಲಿ ಮಾಟ ಇಲ್ಲ ಅಮ್ಮಾ. ಒಂದು ಸಲ ಬಿಚ್ಚಿ ನೋಡು. ಮಧ್ಯಾಹ್ನ ವ್ಯಾಪಾರ ಮುಗಿಸಿ ಒಬ್ಬಳೇ ಕೂತಿರುತ್ತೀಯಲ್ಲ, ಆಗ. ನೋಡಿ ಹೇಗಿದೆ ಅಂತ ಬರೆ. ಇಷ್ಟು ಕೇಳುವುದೇ ತಪ್ಪು ಅಂತ ನನಗೂ ಗೊತ್ತು, ಆದರೂ ಕೇಳುತ್ತಿದ್ದೇನೆ.

ಪಿಕುನ್

*

ಫೆಟ್ಚಬುರಿ
೨೮ ಜೂನ್ ೨೫೩೦

ಪಿಕುನ್‌ಗೆ,

ಕೊಟ್ಟ ಉಡುಗೊರೆ ಹೇಗಿದೆ ಅಂತ ಕೇಳಿಸುವ ಗಂಡಸನ್ನು ಇದೇ ಮೊದಲು ನೋಡುತ್ತಿದ್ದೇನೆ. ನೋಡಿದೆ. ಚೆನ್ನಾಗಿದೆ. ಸೇರಬೇಕಾದ ಕಡೆ ಸೇರಿದೆ. ಅದರ ಮಾತು ಇನ್ನು ಸಾಕು, ಮತ್ತೆ ಎತ್ತಬೇಡ.

ಪಕ್ಕದ ಮನೆ ಸಂಗ್ವಿಯನ್ ಮಗ ಹೊಸ ಮನೆ ಕಟ್ಟಿದ. ಅದೇ, ನೀನು ಬೇಡ ಅಂದೆಯಲ್ಲ, ಅವನೇ. ಎರಡು ಮಹಡಿ, ಹೆಂಚು ಹಸಿರು. ಗೃಹಪ್ರವೇಶಕ್ಕೆ ಒಂಬತ್ತು ಜನ ಭಿಕ್ಷುಗಳು ಬಂದಿದ್ದರು. ಸಂಗ್ವಿಯನ್ ರೇಷ್ಮೆ ಉಟ್ಟು ನನ್ನ ಮುಂದೆ ಮೂರು ಸಲ ಓಡಾಡಿದಳು. ನಾನೇನು ಬರಿಗೈಲಿ ಹೋಗಲಿಲ್ಲ, ಎಲ್ಲರ ಉಡುಗೊರೆಗಿಂತ ನನ್ನದೇ ಎದ್ದು ಕಾಣುತ್ತಿತ್ತು. ಬಂದು ಬೀರುವಿನ ಮೇಲಿನ ಧೂಳು ಒರೆಸಿದೆ, ಮನಸ್ಸು ಹಗುರಾಯಿತು.

ಮಂಡಿನೋವು ಹಾಗೇ ಇದೆ.

ಅಮ್ಮ

*

ಫ್ರೇ
೧೫ ಜುಲೈ ೨೫೩೦

ಅಮ್ಮಾ,

ನೋಡಿದೆ ಅಂದೆ. ಚೆನ್ನಾಗಿದೆ ಅಂದೆ. ಮಾತು ಸಾಕು ಅಂದೆ.

ಬೇಡವಾದರೆ ಏನೂ ಬರೆಯಬೇಡ ಅಂತ ನಾನೇ ಕೇಳಿಕೊಂಡಿದ್ದೆ. ಸುಮ್ಮನಿದ್ದಿದ್ದರೂ ತಡೆದುಕೊಳ್ಳುತ್ತಿದ್ದೆ. ಮಂಡಿನೋವು, ಹೆಂಚಿನ ಬಣ್ಣ ಎಲ್ಲ ಬರೆದು, ನಡುವೆ ಅದೊಂದನ್ನು ಧೂಳಿನ ಹಾಗೆ ಒರೆಸಿಬಿಟ್ಟೆಯಲ್ಲ. ಸರಿ, ನಾನು ಮತ್ತೆ ಎತ್ತುವುದಿಲ್ಲ.

ಪಿಕುನ್

*

ಫೆಟ್ಚಬುರಿ
೩೦ ಆಗಸ್ಟ್ ೨೫೩೦

ಪಿಕುನ್‌ಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ತಲೆಬುಡ ಅರ್ಥವಾಗಲಿಲ್ಲ. ಏನನ್ನು ಒರೆಸಿದೆ? ಯಾರಿಗೆ ಏನು ಬೇಡ? ಒಂದು ಡಬ್ಬಕ್ಕೆ ಇಷ್ಟು ಕೋಪ ಅಂದರೆ ಆ ಮೇಷ್ಟ್ರು ನಿನ್ನ ತಲೆಗೆ ಏನೋ ತುಂಬಿದ್ದಾನೆ.

ಅಮ್ಮಂದಿರ ದಿನಕ್ಕೆ ಪ್ರತಿ ವರ್ಷ ನೀನು ಒಂದು ಮಲ್ಲಿಗೆ ಒಣಗಿಸಿ ಕಾಗದದೊಳಗೆ ಇಟ್ಟು ಕಳಿಸುತ್ತಿದ್ದೆ. ಈ ವರ್ಷ ಆ ದಿನ, ಆಗಸ್ಟ್ ಹನ್ನೆರಡು, ಹೋಯಿತು, ಇಪ್ಪತ್ತೂ ಹೋಯಿತು. ಅಂಚೆಯವನನ್ನು ಎರಡು ಸಲ ಕೇಳಿದೆ. "ಬಂದ್ರೆ ಕೊಡ್ದೆ ನಾನೇನು ತಿಂತೀನಾ ಅಮ್ಮ?" ಅಂದ. ಅವನ ಮೇಲೂ ನನಗೆ ಅನುಮಾನವೇ.

ಇನ್ನೊಂದು. ಸಂಗ್ವಿಯನ್ ಸರಿಯಿಲ್ಲ. ಗೃಹಪ್ರವೇಶ ಆದಾಗಿನಿಂದ ನನ್ನನ್ನು ನೋಡಿ ಒಂದು ಥರ ನಗುತ್ತಾಳೆ. ಬಾಳೆಹಣ್ಣು ತಂದು ಕೊಡುತ್ತಾಳೆ. ಅವಳು ಇಪ್ಪತ್ತು ವರ್ಷದಲ್ಲಿ ಒಂದು ಸಿಪ್ಪೆಯನ್ನೂ ಕೊಟ್ಟವಳಲ್ಲ. "ಪಿಕುನ್ ಹೇಗಿದ್ದಾಳೆ? ಸುದ್ದಿ ಬಂತಾ?" ಅಂತ ದಿನಾ ಕೇಳುತ್ತಾಳೆ. ಬಂತು ಅಂದರೆ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ, ಇನ್ನೂ ಏನೋ ಹೇಳುತ್ತೇನೆ ಅಂತ ಕಾದ ಹಾಗೆ. ಬಾಯಿ ತೆರೆದರೆ ಮಾರ್ಕೆಟ್ಟಿಗೆಲ್ಲ ಕೇಳಿಸುವ ಹೆಂಗಸು ಈಗ ಬಾಯಿ ಮುಚ್ಚಿಕೊಂಡಿದ್ದಾಳೆ ಅಂದರೆ ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ. ನಿನ್ನ ವಿಷಯ ಅವಳಿಗೇನಾದರೂ ಗೊತ್ತಾ? ನನಗೆ ಗೊತ್ತಿಲ್ಲದ್ದು?

ಬರೆ.

ಅಮ್ಮ

*

ಫೆಟ್ಚಬುರಿ
೧೫ ನವೆಂಬರ್ ೨೫೩೦

ಪಿಕುನ್,

ಎರಡೂವರೆ ತಿಂಗಳಾಯಿತು. ಕಾಯಿಲೆ ಬಿದ್ದಿದ್ದೀಯಾ? ಕಾಯಿಲೆ ಬಿದ್ದರೆ ಯಾರಾದರೂ ಒಬ್ಬರು ತಿಳಿಸುತ್ತಾರೆ ತಾನೇ? ಬೇಕಾದರೆ ಆ ಮೇಷ್ಟ್ರ ಕೈಲೇ ಬರೆಸು.

ಮೊನ್ನೆ ಅಂಗಡಿಯಲ್ಲಿ ಒಬ್ಬಳು ಮಗು ಎತ್ತಿಕೊಂಡು ಬಂದಿದ್ದಳು. ಮೋಕೆಂಗ್ ಸುತ್ತುತ್ತಾ ಇದ್ದೆ. ಸಂಗ್ವಿಯನ್ ಪಕ್ಕದಲ್ಲಿ ನಿಂತು "ಲಮೈ, ನಿನಗೂ ಒಂದು ಮೊಮ್ಮಗು ಇದ್ದಿದ್ರೆ ಎಷ್ಟು ಚೆನ್ನಾಗಿತ್ತು ಅಲ್ವಾ?" ಅಂದಳು. ಚುಚ್ಚುತ್ತಿದ್ದಾಳೆ ಅಂತ ಮೈ ಉರಿಯಿತು. "ನಿನ್ ಮಗನ್ನ ಬೇಡ ಅಂದ್ಳು ಅಂತ ಇನ್ನೂ ಹೊಟ್ಟೇಲಿ ಇಟ್ಕೊಂಡಿದ್ದೀಯಾ?" ಅಂದೆ, ಗಿರಾಕಿಗಳ ಎದುರಿಗೇ. ಅವಳು ತಿರುಗಿ ಜಗಳಕ್ಕೆ ಬರಲಿಲ್ಲ. ಕಣ್ಣು ಒರೆಸಿಕೊಂಡು ಹೋದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಒಂದು ಸಾಲು ಬರೆ. ಬೈದಾದರೂ ಬರೆ.

ಅಮ್ಮ

*

ಫೆಟ್ಚಬುರಿ
೪ ಜನವರಿ, ಬುದ್ಧವರ್ಷ ೨೫೩೧

ಪಿಕುನ್‌ಗೂ, ಖಮ್‌ಪನ್ ಮೇಷ್ಟ್ರಿಗೂ,

ಇದನ್ನು ಇಬ್ಬರೂ ಜೊತೆಗೆ ಕೂತು ಓದಿ. ಬೇಕಾದರೆ ಒಂದೇ ಬೆಂಚಿನಲ್ಲಿ.

ಮೊನ್ನೆ ಹೊಸ ವರ್ಷದ ದಿನ ಊರವರೆಲ್ಲ ಒಬ್ಬರ ಮನೆಗೊಬ್ಬರು ಡಬ್ಬ, ಬುಟ್ಟಿ ಹಿಡಿದುಕೊಂಡು ಓಡಾಡುತ್ತಿದ್ದರು. ಸಂಗ್ವಿಯನ್ ಬಂದಳು. ಹಳದಿ ಕಾಗದ ಸುತ್ತಿದ ಡಬ್ಬವನ್ನು ಎರಡೂ ಕೈಯಲ್ಲಿ ಕೊಟ್ಟು, "ಏನೋ ಸಣ್ಣದು ಕಣೇ" ಅಂದಳು. ತೆಗೆದುಕೊಂಡೆ. ಒಳಗೆ ಕಿಣಿ ಅಂದಿತು.

ಈಗ ನಿಜ ಹೇಳುತ್ತೇನೆ. ನಿಮ್ಮ ಡಬ್ಬವನ್ನು ನಾನು ಬಿಚ್ಚಿಯೇ ಇರಲಿಲ್ಲ. ಉತ್ತರದವನು ಕೊಟ್ಟದ್ದು ಮನೆಯಲ್ಲಿರುವುದೇ ಬೇಡ ಅಂತ, ಆ ಕೆಂಪು ಕಾಗದದ ಸಮೇತ, ಅವಳ ಮಗನ ಗೃಹಪ್ರವೇಶಕ್ಕೆ ಕೊಟ್ಟುಬಿಟ್ಟಿದ್ದೆ. ನೀನು ಕೇಳಿದಾಗ ಹೇಳಲು ನಾಚಿಕೆಯಾಗಿ, ನೋಡಿದೆ, ಚೆನ್ನಾಗಿದೆ ಅಂತ ಸುಳ್ಳು ಬರೆದೆ.

ಕಾಗದದ ಬಣ್ಣ ಬೇರೆ, ಆದರೆ ತೂಕ ಅದೇ, ಸದ್ದು ಅದೇ. ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗೆ ಬೆವರು ಬಂತು. ಅವಳ ಎದುರಿಗೆ ಬಿಚ್ಚುವ ಹಾಗಿಲ್ಲವಲ್ಲ! ಅವಳೋ ಗೋಡೆಗೆ ಒರಗಿ ಆರಾಮವಾಗಿ ಕೂತಳು. ಟೀ ಕೊಟ್ಟೆ, ಕುಡಿದಳು. ಇನ್ನೊಂದು ಕೊಟ್ಟೆ, ಅದನ್ನೂ ಕುಡಿದಳು.

"ಏನೇ ಲಮೈ, ಡಬ್ಬಾನ ಹಂಗೆ ದುರುಗುಟ್ಟಿ ನೋಡ್ತಿದ್ದೀಯ?"

"ಇಲ್ವಲ್ಲ. ಕಾಗದ ಚೆನ್ನಾಗಿದೆ ಅಂತ ನೋಡ್ದೆ."

"ಮೊದ್ಲಿಂದೂ ಚೆನ್ನಾಗೇ ಇತ್ತು" ಅಂದಳು, ನನ್ನ ಮುಖ ನೋಡದೆ. ಮತ್ತೆ ಸೌತೆಕಾಯಿ ಬೆಲೆಯ ವಿಷಯ ಅರ್ಧ ಗಂಟೆ ಮಾತಾಡಿದಳು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕೊನೆಗೆ ಎದ್ದು ಮೆಟ್ಟಿಲು ಇಳಿದು, ಚಪ್ಪಲಿಗೆ ಕಾಲು ತೂರಿಸುತ್ತಾ ಅಂದಳು: "ಆರು ತಿಂಗಳು ಬಾಯಿ ಮುಚ್ಕೊಂಡಿದ್ದೀನಿ ಲಮೈ. ಗಂಡನಿಗೂ ಹೇಳಿಲ್ಲ, ಮಗನಿಗೂ ಹೇಳಿಲ್ಲ. ನನ್ನ ಜೀವಮಾನದಲ್ಲೇ ಇಷ್ಟು ಕಷ್ಟದ ಕೆಲ್ಸ ಮಾಡಿಲ್ಲ ಕಣೇ. ಬಾಗ್ಲು ಹಾಕ್ಕೊಂಡು ನೋಡು."

ಬಾಗಿಲು ಹಾಕಿಕೊಂಡು ನೋಡಿದೆ.

ಸಿನ್ ಮಡಿಕೆ ಕೂಡ ಕೆಡದ ಹಾಗೆ ಇಟ್ಟಿದ್ದಳು. ಫೋಟೋ ಇತ್ತು. ನಿನ್ನ ಹಣೆ. ಮೂಗು ನನ್ನದು, ಪಾಪ, ಅದೊಂದು ಬೇಡವಾಗಿತ್ತು. ಎಡಗಾಲಲ್ಲಿ ಒಂದು ಗೆಜ್ಜೆ, ಬಲಗಾಲು ಖಾಲಿ. ಡಬ್ಬದ ತಳದಲ್ಲಿ ಇನ್ನೊಂದು ಗೆಜ್ಜೆ. ಹಿಂದೆ ನೀನು ಬರೆದದ್ದನ್ನು ಓದಿದೆ. ಆಮೇಲೆ ನಾನು ನಿನಗೆ ಬರೆದದ್ದು ನೆನಪಾಯಿತು. ಮಾತು ಸಾಕು, ಮತ್ತೆ ಎತ್ತಬೇಡ ಅಂದಿದ್ದೆ. ಯಾರ ವಿಷಯಕ್ಕೆ ಹಾಗಂದೆ ಅಂತ ಗೊತ್ತಾಗಿ ನೆಲದ ಮೇಲೇ ಕೂತುಬಿಟ್ಟೆ, ಪಿಕುನ್. ನೀನು ಆರು ತಿಂಗಳು ಹೇಗೆ ತಡೆದುಕೊಂಡೆ?

ಯಾರನ್ನು ನಂಬಬಾರದು ಅಂತ ಜೀವನವಿಡೀ ಲೆಕ್ಕ ಹಾಕಿದವಳು ನಾನು. ಸಂಗ್ವಿಯನ್‌ಗೆ ಊರಿಡೀ ಡಂಗುರ ಹೊಡೆಯಲು ಎಲ್ಲ ಕಾರಣವೂ ಇತ್ತು. ಮರುದಿನವೇ ತಂದು ಕೊಟ್ಟಿದ್ದರೆ ಬಂದ ಉಡುಗೊರೆಯನ್ನು ಬಿಚ್ಚದೆ ದಾಟಿಸಿದವಳು ಅಂತ ನನ್ನ ಮಾನ ಹೋಗುತ್ತಿತ್ತು. ಅದಕ್ಕೇ ಎಲ್ಲರೂ ಡಬ್ಬ ಹಿಡಿದು ಓಡಾಡುವ ದಿನಕ್ಕಾಗಿ ಕಾದಿದ್ದಾಳೆ. ನಿನ್ನೆ ಅವಳ ಮನೆಗೆ ಹೋದೆ. ಕ್ಷಮಿಸು ಅಂತ ಬಾಯಲ್ಲಿ ಬರಲಿಲ್ಲ. ಒಂದು ತಟ್ಟೆ ಮೋಕೆಂಗ್ ಇಟ್ಟೆ. ಇನ್ನೂ ಬಿಸಿ ಇತ್ತು, ನನ್ನ ಎದುರಿಗೇ ತಿಂದಳು.

ಮೇಷ್ಟ್ರೇ, ನೀವು ಕುಡಿಯುತ್ತೀರಾ ಅಂತ ಬರೆದಿದ್ದೆ. ಹಲಗೆ ಅಳೆಯುತ್ತಿದ್ದೀರಿ ಅಂದಿದ್ದೆ. ನೀವು ಕೂತಿದ್ದ ಜಾಗದಲ್ಲಿ ಈಗ ನಾನು ಕೂತು ನೋಡಿದೆ, ಅಲ್ಲಿಂದ ಕಾಣುವುದು ನನ್ನ ಮಗಳ ಫೋಟೋ. ತಪ್ಪು ನನ್ನದು.

ಇಪ್ಪತ್ತೆರಡನೇ ತಾರೀಕು ಶುಕ್ರವಾರ ನಿಮ್ಮೂರ ಹತ್ತಿರದ ಡೆನ್‌ಚೈ ಸ್ಟೇಷನ್ನಿಗೆ ರೈಲಲ್ಲಿ ಬರುತ್ತೇನೆ. ನಾನು ಬರುವುದು ಬೇಡವಾದರೆ ಬರೆಯಿರಿ. ಏನೂ ಬರೆಯದಿದ್ದರೆ ಬಂದೇಬಿಡುತ್ತೇನೆ. ಸುಮ್ಮನಿರುವುದನ್ನು ಬೇಡ ಅಂತ ಓದುವುದು ನಮ್ಮ ಮನೆಯಲ್ಲಿ ಇನ್ನು ಸಾಕು.

ಮೊದಲ ಸಲ ಮಗಳ ಮನೆಗೆ ಬರುವವಳು ಏನು ತರಬೇಕು ಅಂತ ಎರಡು ದಿನ ಯೋಚಿಸಿದೆ. ಮೋಕೆಂಗ್ ಅಷ್ಟು ದೂರಕ್ಕೆ ಹುಳಿಯಾಗುತ್ತದೆ. ಬಟ್ಟೆಗೆ ಅಳತೆ ಗೊತ್ತಿಲ್ಲ. ಕೊನೆಗೆ ಗೆಜ್ಜೆಯನ್ನೇ ಅಕ್ಕಸಾಲಿಯ ಹತ್ತಿರ ಒಯ್ದೆ. "ಎಷ್ಟು ಸಡಿಲ ಮಾಡ್ಲಿ?" ಅಂದ. ಹದಿಮೂರು ತಿಂಗಳ ಮಗುವಿನ ಕಾಲು ಎಷ್ಟು ದಪ್ಪ ಇರುತ್ತದೆ ಅಂತ ನನಗೆ ಮರೆತೇ ಹೋಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳ ಮಗುವಿನ ಕಾಲು ಹಿಡಿದು ತೋರಿಸಿದೆ.

ಅದನ್ನು ಅದೇ ಡಬ್ಬದಲ್ಲಿ, ಕೆಂಪು ಕಾಗದದಲ್ಲೇ ಸುತ್ತಿ ತರುತ್ತೇನೆ. ಬೀರುವಿನ ಮೇಲೆ ಇಡಬೇಡಿ. ಮರ್ಯಾದೆ ಗಿರ್ಯಾದೆ ಏನೂ ಬೇಡ, ನಾನು ಮೆಟ್ಟಿಲಲ್ಲಿ ನಿಂತಿರುವಾಗಲೇ, ನನ್ನ ಎದುರಿಗೇ ಬಿಚ್ಚಿ. ಅಲ್ಲಿಯವರೆಗೆ ಮೊತ್‌ಳ ಬಲಗಾಲಿಗೆ ಬೇರೆ ಯಾರೂ ಏನೂ ಹಾಕಬೇಡಿ.

ಅವಳ ಅಜ್ಜಿ
ಲಮೈ